ಬಲಗಡೆಯಿಂದ ತೆರೆಯುವ ಪುಸ್ತಕ

ಮೊನ್ನೆ ಮಧ್ಯಾಹ್ನ ಕಾಲೇಜು ಹುಡುಗಿಯೊಬ್ಬಳು ನನ್ನ ಅಂಗಡಿಗೆ ಬಂದು, ಬೆನ್ನು ಕಿತ್ತುಹೋದ ಒಂದು ಜಪಾನಿ ಚಿತ್ರಕತೆಯ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಅಕ್ಕ, ಇದನ್ನು ಬೈಂಡ್ ಮಾಡಿ ಕೊಡ್ತೀರಾ? ಆದ್ರೆ ಒಂದು ವಿಷಯ ಉಂಟು. ಇದು ಬಲಗಡೆಯಿಂದ ಎಡಗಡೆಗೆ ಓದುವುದು. ರಟ್ಟು ಆಚೀಚೆ ಆಗ್ಬಾರ್ದು. ನಿಮಗೆ ಗೊತ್ತುಂಟಲ್ಲ?" ಎಂದು ಕೇಳಿದಳು. ಗೊತ್ತುಂಟಲ್ಲ ಅಂತೆ! ನನ್ನನ್ನು ಕೇಳುತ್ತಾಳೆ! ಜೆರಾಕ್ಸ್ ಯಂತ್ರದ ಮೇಲೆ ಕೈಯೂರಿ ನಗಲಿಕ್ಕೆ ಶುರು ಮಾಡಿದವಳು ನಾನು ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಪಾಪ, ಆ ಹುಡುಗಿ ಪುಸ್ತಕವನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡಳು. ಅವಳಿಗೆ ಕ್ಲಾಸಿಗೆ ಹೊತ್ತಾಗಿತ್ತು, ಹಾಗಾಗಿ ಹೇಳಲಿಲ್ಲ. ನಿಮಗಾದರೆ ಹೇಳಬಹುದು. ನಿಮಗೆ ಪುರುಸೊತ್ತು ಉಂಟು, ಇಲ್ಲದಿದ್ದರೆ ಇಂಥದ್ದನ್ನೆಲ್ಲ ಓದುತ್ತ ಕೂರುತ್ತಿರಲಿಲ್ಲ.

ಮೂಡುಬಿದಿರೆಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಬೋರ್ಡಿನಲ್ಲಿ ಏನೋ ಇಂಗ್ಲಿಷ್ ಹೆಸರು ಉಂಟು, ಅದನ್ನು ಯಾರೂ ಹೇಳುವುದಿಲ್ಲ. ಮಕ್ಕಳಿಗೆಲ್ಲ ಇದು ಪವಿಯಕ್ಕನ ಅಂಗಡಿ. ಪ್ರಾಜೆಕ್ಟ್ ರಿಪೋರ್ಟಿನ ಕಾಲದಲ್ಲಿ ನನಗೆ ಊಟಕ್ಕೆ ಪುರುಸೊತ್ತಿಲ್ಲ, ಉಳಿದ ಕಾಲದಲ್ಲಿ ಊಟ ಬಿಟ್ಟರೆ ಬೇರೆ ಕೆಲಸವಿಲ್ಲ. ಈ ಕಸುಬಿನಿಂದ ನನಗೆ ಎರಡು ಚಟ ಅಂಟಿಕೊಂಡಿವೆ. ಒಂದು, ಯಾವ ಪುಸ್ತಕ ಕೈಗೆ ಬಂದರೂ ಮೊದಲು ಅದರ ಬೆನ್ನು ನೋಡುವುದು. ಮದುವೆಯ ಕಾಗದ ಕೊಟ್ಟರೂ ಮಡಿಕೆ ಸರಿ ಬಂದಿದೆಯಾ ಎಂದು ಉಗುರಿನಿಂದ ಗೀರಿ ನೋಡುತ್ತೇನೆ, ಮದುವೆ ಯಾರದ್ದೆಂದು ಆಮೇಲೆ. ಇನ್ನೊಂದು, ಬೈಂಡ್ ಮಾಡುವ ಪುಸ್ತಕವನ್ನು ಓದದಿರುವುದು. ಓದಲಿಕ್ಕೆ ಕೂತರೆ ಅಂಟು ಒಣಗಿಹೋಗುತ್ತದೆ. ಒಮ್ಮೆ ಒಬ್ಬರು ಮೇಷ್ಟ್ರು ತಂದ ಸಂಶೋಧನಾ ಪ್ರಬಂಧದಲ್ಲಿ ಮೂರನೆಯ ಅಧ್ಯಾಯ ಎರಡು ಸಲ ಇತ್ತು. ನಾನು ಎರಡನ್ನೂ ಸೇರಿಸಿ ಹೊಲಿದು, ಬಂಗಾರದ ಅಕ್ಷರ ಹಾಕಿ, ಚೆಂದ ಮಾಡಿ ಕೊಟ್ಟೆ. ಅವರಿಗೆ ಪದವಿಯೂ ಬಂತು. ಓದದವಳು ನಾನೊಬ್ಬಳೇ ಅಲ್ಲ ಎಂದು ಸಮಾಧಾನವಾಯಿತು.

ಇನ್ನು ನಿಶ್ಮಿತಾಳ ವಿಷಯ. ಅವಳ ವಿಷಯಕ್ಕೆ ಬಾರದೆ ಹತ್ತು ವಾಕ್ಯ ಬರೆದದ್ದೇ ನನಗೆ ದೊಡ್ಡದು. ನಿಶ್ಮಿಯೂ ನಾನೂ ಬೆಳುವಾಯಿಯ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನವರು. ನನ್ನ ಅಮ್ಮ ಅಲ್ಲೇ ಟೀಚರ್. ಶಾಲೆಯಲ್ಲಿ ಟೀಚರ್ ಎನ್ನಬೇಕು, ಮನೆಯಲ್ಲಿ ಅಮ್ಮ ಎನ್ನಬೇಕು; ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳು. ನನ್ನ ತಲೆಯಲ್ಲಿ ಎಲ್ಲ ಕಲಸುಮೇಲೋಗರವಾಗಿ ಒಂದು ದಿನ ಊಟದ ಹೊತ್ತಿಗೆ ಎದ್ದು ನಿಂತು, "ಟೀಚರ್, ಸ್ವಲ್ಪ ಸಾರು" ಎಂದಿದ್ದೆ. ನಿಶ್ಮಿ ಅವತ್ತು ನಮ್ಮಲ್ಲೇ ಊಟಕ್ಕಿದ್ದಳು. ಅದನ್ನು ಅವಳು ಇವತ್ತಿಗೂ ಮರೆತಿಲ್ಲ, ನನ್ನನ್ನೂ ಮರೆಯಲು ಬಿಟ್ಟಿಲ್ಲ.

ಐದನೇ ಕ್ಲಾಸಿನಲ್ಲಿ ಎಲ್ಲರೂ ಅಟ್ಲಾಸ್ ತರಬೇಕೆಂದಾಯಿತು. ಮೂಡುಬಿದಿರೆಯ ಪುಸ್ತಕದಂಗಡಿಗೆ ಅಮ್ಮನ ಜೊತೆ ನಾವು ಹೋಗುವಾಗ ಒಂದೇ ಒಂದು ಉಳಿದಿತ್ತು, ನಮ್ಮಿಬ್ಬರ ಕೈಯೂ ಒಟ್ಟಿಗೇ ಅದರ ಮೇಲೆ ಬಿತ್ತು. ಅವಳು ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಮ್ಮ ಅದನ್ನು ಕೊಂಡು, ಮನೆಗೆ ತಂದು, ಖಾಕಿ ಕಾಗದದ ಬೈಂಡು ಹಾಕಿ, ಲೇಬಲ್ ಅಂಟಿಸಿದಳು. ಕರಿಹಲಗೆಯ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ, ಹೆಸರು ಎಂಬಲ್ಲಿ ನಮ್ಮಿಬ್ಬರ ಹೆಸರನ್ನೂ ಬರೆದಳು. ಶಾಲೆ ಎಂಬಲ್ಲಿ ಬೆಳುವಾಯಿ. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ "ವಾರಕ್ಕೊಬ್ಬರು". ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅಟ್ಲಾಸ್ ಕೈ ಬದಲಾಗುತ್ತಿತ್ತು. ನಮ್ಮ ಶನಿವಾರಗಳು ಶುರುವಾದದ್ದು ಅಲ್ಲಿಂದ.

ಆ ಅಟ್ಲಾಸಿನಲ್ಲಿ ಬೆಳುವಾಯಿ ಇರಲಿಲ್ಲ. ಇದೆಂಥ ಅನ್ಯಾಯ ಎಂದು ನಾವೇ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟೆವು. ಚುಕ್ಕಿ ಹೋಗಿ ಅರಬ್ಬಿ ಸಮುದ್ರದಲ್ಲಿ ಬಿತ್ತು. ಸುಮಾರು ಸಮಯ ನಮ್ಮ ಊರು ನೀರಿನಲ್ಲೇ ಇತ್ತು. ರಷ್ಯಾದಲ್ಲಿ ಜಾಗ ಜಾಸ್ತಿ, ಹಾಗಾಗಿ ಅಲ್ಲಿ ಪತ್ರ ಬರೆಯುತ್ತಿದ್ದೆವು. "ಇವತ್ತು ನಮ್ಮಲ್ಲಿ ಬಸಳೆ. ನಿಮ್ಮಲ್ಲಿ?" ಎಂದು ಅವಳು ಬರೆದರೆ, ಉತ್ತರಕ್ಕೆ ಒಂದು ವಾರ ಕಾಯಬೇಕು. ಅಷ್ಟು ಹೊತ್ತಿಗೆ ಬಸಳೆಯ ಬಳ್ಳಿಯೇ ಮುಗಿದಿರುತ್ತಿತ್ತು. ಈಗಿನವರು ಮೆಸೇಜಿಗೆ ಎರಡು ನಿಮಿಷ ಉತ್ತರ ಬಾರದಿದ್ದರೆ ಊಟ ಬಿಡುತ್ತಾರೆ.

ದೊಡ್ಡವಳಾದ ಮೇಲೆ ನಿಶ್ಮಿ ಲೈಬ್ರರಿಯ ಓದು ಓದಿ ಉಜಿರೆಯ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆದಳು. ಅವಳು ಪುಸ್ತಕ ಕೊಡುವವಳು, ನಾನು ಪುಸ್ತಕ ಹೊಲಿಯುವವಳು. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ, ಬೆಳ್ತಂಗಡಿ, ವೇಣೂರು ದಾಟಿ ಬರುವ ಬಸ್ಸಿನಲ್ಲಿ ಅವಳು ಇಳಿಯುತ್ತಿದ್ದಳು, ಕೈಯಲ್ಲಿ ಎಣ್ಣೆ ಬಿಟ್ಟ ಗೋಳಿಬಜೆಯ ಪೊಟ್ಟಣ. ಕಾಗದದ ಕಟ್ಟಿನ ಮೇಲೆ ಕೂತು ಸಂಜೆಯ ತನಕ ಮಾತು. ಅವಳು ಕೂತು ಕೂತು ಆ ಕಟ್ಟಿನಲ್ಲಿ ಒಂದು ತಗ್ಗು ಬಿದ್ದಿತ್ತು. ಆ ಕಾಗದವನ್ನು ನಾನು ಯಾರಿಗೂ ಮಾರುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ನಾವು ಮೂವತ್ತಕ್ಕೆ ಬಂದಿದ್ದೆವು. ಒಂದು ಶನಿವಾರ ಅವಳಿಗೆ ಜ್ವರ ಬಂದು ಬರಲಾಗಲಿಲ್ಲ. ಅವತ್ತು ನಾನು ನಾಲ್ಕು ರಿಪೋರ್ಟುಗಳನ್ನು ತಲೆಕೆಳಗಾಗಿ ಬೈಂಡ್ ಮಾಡಿದೆ. ಅವುಗಳನ್ನು ಬಿಚ್ಚುತ್ತ ಕೂತಾಗ ಗೊತ್ತಾಯಿತು, ನನಗೆ ಅವಳ ಮೇಲೆ ಪ್ರೀತಿ. ಗೆಳತಿಯ ಮೇಲಿನದ್ದಲ್ಲ, ಇನ್ನೊಂದು. ಗೊತ್ತಾಗಿ ಎರಡು ವರ್ಷ ಬಾಯಿ ಬಿಡಲಿಲ್ಲ. ಹೇಳಿದರೆ ಶನಿವಾರ ಹೋಗಿಬಿಟ್ಟರೆ ಎಂಬ ಹೆದರಿಕೆ. ನನ್ನಲ್ಲಿದ್ದ ದೊಡ್ಡ ಆಸ್ತಿ ಅದೊಂದೇ.

ಆ ನಡುವೆ ಉಜಿರೆಯ ಹಾಸ್ಟೆಲ್ ಹುಡುಗಿಯರು ನಿಶ್ಮಿಗೆ ಜಪಾನಿನ ಚಿತ್ರಕತೆಯ ಹುಚ್ಚು ಹಿಡಿಸಿದರು. ಮಾಂಗಾ ಎನ್ನುತ್ತಾರಲ್ಲ, ಅದು. ಅದರಲ್ಲಿಯೂ ಯೂರಿ ಎಂದು ಒಂದು ಬಗೆ ಉಂಟಂತೆ, ಹೆಣ್ಣಿಗೂ ಹೆಣ್ಣಿಗೂ ನಡುವಿನ ಪ್ರೀತಿಯ ಕತೆಗಳು. ನಿಶ್ಮಿ ಗೋಳಿಬಜೆ ತಿನ್ನುತ್ತ ಅದರ ಶಾಸ್ತ್ರವನ್ನೇ ವಿವರಿಸಿದಳು.

"ಇದರಲ್ಲಿ ಬಾಲ್ಯದ ಗೆಳತಿಯರದ್ದು ಅಂತ ಒಂದು ಪಂಗಡ ಉಂಟು. ಬೇರೆಯವರು ಒಂದನೇ ಪುಸ್ತಕದಲ್ಲಿ ಸಿಕ್ಕಿ, ಎರಡನೇ ಪುಸ್ತಕದಲ್ಲಿ ಹೇಳಿ ಮುಗಿಸ್ತಾರೆ. ಈ ಬಾಲ್ಯದವರಿಗೆ ಮಾತ್ರ ಆರು ಪುಸ್ತಕ ಬೇಕು ಮಾರಾಯ್ತಿ!"

"ಅಷ್ಟು ಎಂಥಕ್ಕೆ?"

"ಎಲ್ಲ ಮೊದಲೇ ಗೊತ್ತುಂಟಲ್ಲ, ಅದಕ್ಕೆ. ಅವಳಿಗೆ ಹಾಗಲಕಾಯಿ ಆಗುವುದಿಲ್ಲ ಅಂತ ಗೊತ್ತುಂಟು. ಮೊಣಕಾಲಿನ ಗಾಯ ಎಲ್ಲಿ ಬಿದ್ದು ಆದದ್ದು ಅಂತ ಗೊತ್ತುಂಟು. ಒಂದೇ ಒಂದು ವಿಷಯ ಗೊತ್ತಿಲ್ಲ. ಅದನ್ನು ಕೇಳಿದ್ರೆ ಉಳಿದದ್ದೆಲ್ಲ ಹೋದ್ರೆ ಅಂತ ಹೆದರಿಕೆ."

ನನಗೆ ಹಾಗಲಕಾಯಿ ಆಗುವುದಿಲ್ಲ. ನನ್ನ ಮೊಣಕಾಲಿನಲ್ಲಿ ಶಾಲೆಯ ಮೆಟ್ಟಿಲಿನಲ್ಲಿ ಬಿದ್ದ ಗಾಯದ ಗುರುತು ಉಂಟು. ಆದರೂ ನನಗೆ ಏನೂ ಹೊಳೆಯಲಿಲ್ಲ. "ಪಾಪ ಅವರು" ಎಂದು ಇನ್ನೊಂದು ಗೋಳಿಬಜೆ ತೆಗೆದುಕೊಂಡೆ. ಬುದ್ಧಿವಂತಿಕೆಯಲ್ಲಿ ನಾನು ಹಾಗೆ.

ಆ ಕತೆಗಳಲ್ಲಿ ಇಬ್ಬರು ಮುಖಾಮುಖಿ ನಿಂತರೆ ಸಾಕು, ಮರದಿಂದ ಗುಲಾಬಿ ಬಣ್ಣದ ಹೂವು ಉದುರಲಿಕ್ಕೆ ಶುರುವಾಗುತ್ತದೆ ಎಂದೂ ಅವಳು ಹೇಳಿದ್ದಳು. ನಮ್ಮಲ್ಲಿ ಇಬ್ಬರು ಎದುರುಬದುರು ನಿಂತು ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಕಂಡಕ್ಟರ್ "ರೈಟ್ ಪೋಯಿ" ಎಂದು ಹೊರಡಲಿಕ್ಕೆ ಹೇಳಿ ಬಸ್ಸಿನ ಮೈಗೆ ಬಡಿಯುತ್ತಾನೆ. ಎಷ್ಟು ಜನರ ಮಾತು ಹೀಗೆ ಬಸ್ಸಿನ ಬಾಗಿಲಲ್ಲಿ ಉಳಿದುಹೋಗಿದೆಯೋ ದೇವರಿಗೇ ಗೊತ್ತು.

ಹೋದ ವರ್ಷ ಒಂದು ಶನಿವಾರ ನಿಶ್ಮಿ ಚೀಲದಿಂದ ಒಂದು ಹಳೆಯ ಮಾಂಗಾ ತೆಗೆದು ನನ್ನ ಮುಂದಿಟ್ಟಳು. ಇಂಗ್ಲಿಷಿಗೆ ತಂದದ್ದು, ಯಾವುದೋ ಹುಡುಗಿ ಹಾಸ್ಟೆಲ್ ಬಿಡುವಾಗ ಇವಳಿಗೆ ಕೊಟ್ಟುಹೋದದ್ದು. ಬೆನ್ನು ಬಿಟ್ಟಿತ್ತು, ಎರಡು ಮೂರು ಹಾಳೆ ಬಿಡಿಬಿಡಿ.

"ಇದು ಲೈಬ್ರರಿಯದ್ದಲ್ಲ, ನನ್ನದು. ಬೈಂಡ್ ಮಾಡು. ಆದ್ರೆ ಇದನ್ನು ನೀನು ಓದಬೇಕು ಪವಿ. ಓದಿ ನಿನಗೆ ಎಂಥ ಅನ್ನಿಸ್ತು ಅಂತ ಹೇಳು. ಅವಸರ ಇಲ್ಲ" ಎಂದಳು. ಅವಳ ಕಿವಿ ಕೆಂಪಾಗಿತ್ತು. ಗೋಳಿಬಜೆಯನ್ನು ಅರ್ಧಕ್ಕೇ ಬಿಟ್ಟು, ಐದೂವರೆಯ ಬಸ್ಸಿಗೆ ಹೋಗುವವಳು ನಾಲ್ಕರ ಬಸ್ಸಿಗೇ ಹೋದಳು. ಅವಳು ಗೋಳಿಬಜೆ ಬಿಟ್ಟುಹೋದದ್ದನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ.

ನಾನು ಎಂದಿನಂತೆ ಮೊದಲು ಬೆನ್ನು ನೋಡಿದೆ. ನೋಡಿದರೆ, ಅಯ್ಯೋ! ಚಿತ್ರವಿರುವ ರಟ್ಟು ಪುಸ್ತಕದ ಹಿಂಬದಿಯಲ್ಲಿ ಉಂಟು! ಯಾವನೋ ಪ್ರೆಸ್ಸಿನವನು ಮುಂದಿನದ್ದನ್ನು ಹಿಂದೆ ಅಂಟಿಸಿಬಿಟ್ಟಿದ್ದಾನೆ. ಜಪಾನಿನವರು ಇಷ್ಟು ಅಚ್ಚುಕಟ್ಟು ಎನ್ನುತ್ತಾರೆ, ಅವರಲ್ಲಿಯೂ ಇಂಥವರು ಇದ್ದಾರಲ್ಲ ಎಂದು ನನಗೆ ಸ್ವಲ್ಪ ಖುಷಿಯೇ ಆಯಿತು. ನಿಶ್ಮಿಯ ಪುಸ್ತಕ, ಸರಿ ಮಾಡದೆ ಬಿಡಲಿಕ್ಕುಂಟಾ? ರಟ್ಟನ್ನು ಬಿಡಿಸಿ, ನೂಲಿನಿಂದ ಹೊಲಿದು, ಮೈದಾ ಅಂಟು ಕಾಯಿಸಿ, ನೀಲಿ ಬಟ್ಟೆಯ ಬೆನ್ನು ಕೊಟ್ಟೆ. ಚಿತ್ರವನ್ನು ಕತ್ತರಿಸಿ, ನಮ್ಮ ಪುಸ್ತಕಗಳಲ್ಲಿರುವ ಹಾಗೆ, ಮುಂಬದಿಗೆ ತಂದು ಅಂಟಿಸಿದೆ. ಆ ಬದಿಯಲ್ಲಿ ಒಂದು ಬಿಡಿ ಹಾಳೆ ಇತ್ತು, ನಾಲ್ಕು ಸಾಲು ಇಂಗ್ಲಿಷ್, ಒಂದು ಬಾಣದ ಗುರುತು. ಏನೋ ಜಾಹೀರಾತು ಇರಬೇಕೆಂದು ಅದನ್ನು ರಟ್ಟಿಗೆ ಒತ್ತಿ ಮೇಲಿಂದ ಬಿಳಿ ಹಾಳೆ ಅಂಟಿಸಿದೆ. ನನ್ನ ಜೀವಮಾನದ ಅತ್ಯಂತ ಚೆಂದದ ಬೈಂಡಿಂಗ್ ಅದು.

ಆಮೇಲೆ ಓದಿದೆ. ಎಡದಿಂದ ಬಲಕ್ಕೆ, ಅಮ್ಮ ಕಲಿಸಿದ ಹಾಗೆ.

ಮೊದಲ ಪುಟದಲ್ಲಿ ಇಬ್ಬರು ಹೆಂಗಸರು ಒಂದು ಹೊಸ ಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಗೋಡೆಯ ಫಲಕದಲ್ಲಿ ಇಬ್ಬರ ಹೆಸರೂ ಉಂಟು. ಆ ಫಲಕದ ಮೇಲೆ ಬೆರಳಾಡಿಸಿದೆ. ಮುಂದಿನ ಪುಟಗಳಲ್ಲಿ ಒಬ್ಬಳು ರೈಲು ನಿಲ್ದಾಣದಲ್ಲಿ ಅಳುತ್ತ, ನನಗೆ ನೀನೆಂದರೆ ಇಷ್ಟ ಎನ್ನುತ್ತಾಳೆ. ಆಮೇಲೆ ಇಬ್ಬರೂ ಬೇರೆ ಬೇರೆ ಊರಲ್ಲಿ. ಆಮೇಲೆ ಜಗಳ. ನೋಡನೋಡುತ್ತ ಅವರ ಪ್ರಾಯ ಇಳಿಯುತ್ತದೆ, ಶಾಲೆಯ ಯೂನಿಫಾರಂ ಬರುತ್ತದೆ. ಮಾತುಗಳೂ ವಿಚಿತ್ರ: ಒಬ್ಬಳು ಮೊದಲು "ಹೂಂ" ಎನ್ನುತ್ತಾಳೆ, ಇನ್ನೊಬ್ಬಳು ಆಮೇಲೆ "ಬರ್ತೀಯಾ?" ಎಂದು ಕೇಳುತ್ತಾಳೆ. ಇರಲಿ, ಕಕ್ಕಿಂಜೆಯ ನನ್ನ ಮಾವ ಮಾತಾಡುವುದೂ ಹಾಗೆಯೇ. ಪುಟದ ಸಂಖ್ಯೆಗಳು ಸಹ ನೂರರಿಂದ ಕೆಳಗೆ ಇಳಿಯುತ್ತಿದ್ದವು. ಪ್ರಾಯದ ಜೊತೆಗೆ ಪುಟವೂ ಇಳಿಯುವುದು, ಆಹಾ, ಎಂಥ ಜಾಣ್ಮೆ ಎಂದು ತಲೆದೂಗಿದೆ. ಕಟ್ಟಕಡೆಯ ಪುಟದಲ್ಲಿ ಇಬ್ಬರು ಪುಟ್ಟ ಹುಡುಗಿಯರು. ಒಬ್ಬಳು ಇನ್ನೊಬ್ಬಳ ಹತ್ತಿರ ಕೇಳುತ್ತಾಳೆ: "ನಿನ್ನ ಹೆಸರೇನು?"

ಅಷ್ಟೇ. ಮುಗಿಯಿತು.

ಒಂದೇ ಮನೆಯಲ್ಲಿದ್ದವರು ಕಡೆಗೆ ಹೆಸರು ಕೂಡ ಗೊತ್ತಿಲ್ಲದ ಹಾಗಾದರಲ್ಲ! ನಾನು ಮೈದಾ ಅಂಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ, ರೆಪ್ಪೆಯೂ ಅಂಟಿತು. ನಿಶ್ಮಿ ಯಾಕೆ ಇದನ್ನು ಓದು ಎಂದಳು, ಯಾಕೆ ಕಿವಿ ಕೆಂಪಾಯಿತು, ಯಾಕೆ ಓಡಿದಳು, ಎಲ್ಲ ಒಂದೇ ಕ್ಷಣಕ್ಕೆ ಹೊಳೆಯಿತು. ಅವಳಿಗೆ ನನ್ನ ಮನಸ್ಸು ಗೊತ್ತಾಗಿದೆ. ಬಾಯಿ ಬಿಟ್ಟು ಬೇಡ ಎನ್ನಲಾರದೆ, ಹಿಂದಕ್ಕೆ ಹೋಗುವ, ಗುರುತೇ ಇಲ್ಲದವರ ಹಾಗೆ ಇರುವ ಎಂದು ಪುಸ್ತಕದಲ್ಲಿ ಹೇಳಿ ಕಳಿಸಿದ್ದಾಳೆ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಧೈರ್ಯ ಮಾಡಿ ಮೆಸೇಜ್ ಕಳಿಸಿದೆ: "ಓದಿದೆ. ಅರ್ಥ ಆಯ್ತು. ನಿನಗೆ ಹೇಗೆ ಬೇಕೋ ಹಾಗೆ ಆಗಲಿ."

ಉತ್ತರ ಕೂಡಲೇ ಬಂತು. "ನಿಜವಾಗ್ಲೂ?"

"ಹೂಂ."

"ನನಗೆ ಇಲ್ಲಿ ಲೈಬ್ರರಿಯಲ್ಲಿ ಕೂಗಬೇಕು ಅನ್ನಿಸ್ತಾ ಉಂಟು ಪವೀ! ಶನಿವಾರ ಬರ್ತೇನೆ! ಒಂದು ಮನೆ ಖಾಲಿ ಉಂಟಂತೆ, ನಾಳೆಯೇ ನೋಡಿ ಬರ್ತೇನೆ!"

ನನಗೆ ಎಂಥ ಸಿಟ್ಟು ಬಂತು ಅಂತೀರಿ! ನನ್ನನ್ನು ಬಿಡುವುದಕ್ಕೆ ಇಷ್ಟು ಸಂಭ್ರಮವಾ? ಆಗಲೇ ಹೊಸ ಮನೆಯೂ ಬೇಕಾಯಿತಾ? ಯಾರ ಜೊತೆ ಇರಲಿಕ್ಕಂತೆ? ಶನಿವಾರದವರೆಗೆ ನಾನು ಗಿರಾಕಿಗಳ ಮೇಲೆಲ್ಲ ಹಾರಾಡಿದೆ.

ಶನಿವಾರ ಅವಳು ಹೊಸ ಚೂಡಿದಾರ್ ಹಾಕಿಕೊಂಡು, ಎರಡು ಪೊಟ್ಟಣ ಗೋಳಿಬಜೆ ಹಿಡಿದುಕೊಂಡು, ಮುಖದ ತುಂಬ ನಗು ಹೊತ್ತು ಬಂದಳು. "ವೇಣೂರಿನಲ್ಲಿ ಮನೆ! ಎರಡು ಕೋಣೆ, ಒಳ್ಳೆ ಬಾವಿ. ಉಜಿರೆಗೂ ಮೂಡುಬಿದಿರೆಗೂ ಮಧ್ಯ, ನನಗೂ ಬಸ್ಸು ಉಂಟು, ನಿನಗೂ ಬಸ್ಸು ಉಂಟು."

"ನನಗೆ ಎಂಥಕ್ಕೆ ಬಸ್ಸು?" ಎಂದೆ ಮುಖ ಊದಿಸಿಕೊಂಡು. "ಗುರುತು ಇಲ್ಲದವರ ಮನೆಗೆ ನಾನು ಹೋಗುವುದಿಲ್ಲ. ತಗೋ ನಿನ್ನ ಪುಸ್ತಕ."

ಅವಳು ಪುಸ್ತಕವನ್ನು ಕೈಗೆತ್ತಿಕೊಂಡಳು. ಮುಂಬದಿ ನೋಡಿದಳು. ಹಿಂಬದಿ ನೋಡಿದಳು. ನೀಲಿ ಬೆನ್ನು ಸವರಿದಳು. "ಪವಿ, ಇದಕ್ಕೆ ಎಂಥ ಮಾಡಿದ್ದಿ ನೀನು?"

"ಸರಿ ಮಾಡಿದ್ದೇನೆ. ರಟ್ಟು ಹಿಂದೆ ಇತ್ತು."

"ನೀನು ಇದನ್ನು ಯಾವ ಕಡೆಯಿಂದ ಓದಿದ್ದಿ?"

ನಾನು ತೋರಿಸಿದೆ. ಅವಳು ಕಾಗದದ ಕಟ್ಟಿನ ಮೇಲೆ, ತನ್ನದೇ ತಗ್ಗಿನಲ್ಲಿ, ಕುಸಿದು ಕೂತಳು. "ನಿನಗೆ ಕಡೆಯ ಪುಟ ಯಾವುದು?" ಎಂದು ಕೇಳಿದಾಗ ಅವಳ ದನಿ ಸಣ್ಣದಾಗಿತ್ತು. ಹೆಸರು ಕೇಳುವ ಮಕ್ಕಳನ್ನು ತೋರಿಸಿದೆ. ಅವಳಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ, ಎರಡೂ ಬಂದಿರಬೇಕು. ಒದ್ದೆ ಬಟ್ಟೆ ಕೊಡು ಎಂದಳು. ನಾನು ಅಂಟಿಸಿದ ಬಿಳಿ ಹಾಳೆಯನ್ನು ಒದ್ದೆ ಮಾಡಿ ಮೆಲ್ಲಮೆಲ್ಲನೆ ಎಬ್ಬಿಸಿದಳು. ಅಡಿಯಲ್ಲಿ ನನ್ನ ಜಾಹೀರಾತು! ನಿಲ್ಲಿ, ನೀವು ತಪ್ಪು ಬದಿಯಿಂದ ಶುರು ಮಾಡುತ್ತಿದ್ದೀರಿ, ಈ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಓದದೆ ಅಂಟಿಸುವ ಚಟಕ್ಕೆ ನನಗೆ ಆಗಬೇಕಾದ್ದೇ ಆಯಿತು.

ಅವಳು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಒಂದೊಂದು ಚೌಕದ ಮೇಲೂ ಬೆರಳಿಟ್ಟು, ಬಲದಿಂದ ಎಡಕ್ಕೆ ಓದಿಸಿದಳು. ನಿನ್ನ ಹೆಸರೇನು ಎಂದು ಶುರುವಾಯಿತು. ಶಾಲೆ ಬಂತು, ಜಗಳ ಬಂತು, ದೂರವಾದದ್ದು ಬಂತು. ರೈಲು ನಿಲ್ದಾಣ ಬಂತು. ಕಡೆಯ ಪುಟದಲ್ಲಿ ಹೊಸ ಮನೆ, ಒಂದು ಬಾಗಿಲು, ಎರಡು ಹೆಸರು. ಹೊರಗೆ ಗಿರಾಕಿಯೊಬ್ಬರು, "ಎರಡು ಕಡೆಯೂ ಜೆರಾಕ್ಸ್, ಆಧಾರ್ ಕಾರ್ಡು" ಎಂದು ಕೂಗುತ್ತಿದ್ದರು. ನಮಗೆ ಯಾವ ಕಡೆಯೂ ಕೇಳಿಸಲಿಲ್ಲ.

"ಈಗ ಹೇಳು, ನಾಳೆ ವೇಣೂರಿಗೆ ಮನೆ ನೋಡ್ಲಿಕ್ಕೆ..." ಎಂದು ನಿಶ್ಮಿ ಇನ್ನೂ ಕೇಳುತ್ತಿದ್ದಳು, ನಾನು "ಹೂಂ" ಎಂದಾಗಿತ್ತು. ಉತ್ತರ ಮೊದಲು, ಪ್ರಶ್ನೆ ಆಮೇಲೆ. ಎಲ್ಲವನ್ನೂ ತಪ್ಪು ಓದಿದ್ದೆನೆಂದು ಹೇಳುವ ಹಾಗಿಲ್ಲ.

ಇನ್ನು ಅಮ್ಮ. ನನಗೆ ಮದುವೆ ಬೇಡ ಎಂಬುದಷ್ಟೇ ಅಮ್ಮನಿಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಮರುದಿನ ಮನೆ ನೋಡಿ ಬಂದು, ಅಮ್ಮ ಕಾಫಿ ಕುಡಿಯುವಾಗ ಹೇಳಿದೆ. "ಅಮ್ಮ, ನಿಶ್ಮಿಯೂ ನಾನೂ ವೇಣೂರಿನಲ್ಲಿ ಮನೆ ಮಾಡ್ತೇವೆ."

"ಬಸ್ಸಿಗೆ ಅನುಕೂಲ ಅಂತಲಾ?"

"ಅಲ್ಲ."

"ಮತ್ತೆ?"

ನಾಲಿಗೆ ಮೇಲೆದ್ದರೆ ಕೇಳಿ! ಒಳಗೆ ಹೋಗಿ ಪುಸ್ತಕ ತಂದು ಅಮ್ಮನ ಮುಂದಿಟ್ಟು, "ಇದರಲ್ಲಿ ಉಂಟು" ಎಂದು ಹಟ್ಟಿಯ ಕಡೆ ಓಡಿದೆ. ದನ ಇಲ್ಲದ ಹಟ್ಟಿಯಲ್ಲಿ ನಿಂತ ಮೇಲೆ ನೆನಪಾಯಿತು: ಪುಸ್ತಕ ಇನ್ನೂ ನನ್ನ ತಪ್ಪು ಬೈಂಡಿನಲ್ಲೇ ಉಂಟು! ಬಲದಿಂದ ಎಡಕ್ಕೆ ಎಂದು ಹೇಳುವ ಹಾಳೆಯನ್ನೂ ನಿಶ್ಮಿ ರಟ್ಟಿನಿಂದ ಎಬ್ಬಿಸಿ ಚೀಲದಲ್ಲಿ ಹಾಕಿಕೊಂಡು ಹೋಗಿದ್ದಾಳೆ! ಅಮ್ಮನೂ ನನ್ನ ಹಾಗೇ ಓದಿ, ಹುಡುಗಿಯರಿಬ್ಬರೂ ಕಡೆಗೆ ಒಬ್ಬರನ್ನೊಬ್ಬರು ಬಿಟ್ಟರು, ಒಳ್ಳೆಯದಾಯಿತು ಎಂದರೆ?

ಹೋಗಿ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಹೇಳಬೇಕಾದರೆ ಅಮ್ಮನ ಮುಖ ನೋಡಬೇಕು. ಒಂದು ವಾರ ಅಮ್ಮ ಸಂಜೆ ಸಂಜೆ ಕನ್ನಡಕ ಹಾಕಿ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಬಾಗಿಲಿಗೆ ಬೆನ್ನು ಹಾಕಿ ಓದಿದಳು. ಯಾವ ಕೈಯಿಂದ ಪುಟ ತಿರುಗಿಸುತ್ತಾಳೆ ಎಂದು ನೋಡಲಿಕ್ಕೆ ನಾನು ನೀರು ಕೊಟ್ಟೆ, ಫ್ಯಾನ್ ಹಾಕಿದೆ, ಫ್ಯಾನ್ ಆರಿಸಿದೆ. ನಾನು ಹತ್ತಿರ ಬಂದರೆ ಸಾಕು, ಅಮ್ಮ ಪುಸ್ತಕದ ಮೇಲೆ ಅಂಗೈ ಇಡುತ್ತಿದ್ದಳು. ಪರೀಕ್ಷೆಯ ಪೇಪರ್ ತಿದ್ದುವಾಗ ಇಡುತ್ತಿದ್ದಳಲ್ಲ, ಹಾಗೆಯೇ. ನಾನು ಫೇಲಾಗುವುದು ಖಂಡಿತ ಎಂದುಕೊಂಡೆ.

ಶನಿವಾರ ನಿಶ್ಮಿ ಬಂದು ಕೂತು ಹತ್ತು ನಿಮಿಷವಾಗಿರಲಿಲ್ಲ, ಅಮ್ಮ ಅಂಗಡಿಯ ಮೆಟ್ಟಿಲು ಹತ್ತಿದಳು. ನಿಶ್ಮಿ ಧಡಕ್ಕನೆ ಎದ್ದು, "ನಮಸ್ತೇ ಟೀಚರ್" ಎಂದಳು, ಐದನೇ ಕ್ಲಾಸಿನದ್ದೇ ರಾಗದಲ್ಲಿ.

"ಕೂತುಕೋ" ಎಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿದಳು. "ನಿನ್ನ ಬೈಂಡು ತಪ್ಪು. ನಮ್ಮ ಶಾಲೆಯ ಬ್ಯಾರಿ ಮಕ್ಕಳ ಮದರಸದ ಪುಸ್ತಕ ತ್ರಾಸಿಲ್ಲದೆ ಆಚೆ ಬದಿಯಿಂದ ತೆರೀತದೆ. ಒಂದೇ ಬೆಂಚಿನಲ್ಲಿ ಕೂತು ನಿನಗೆ ಅಷ್ಟೂ ಗೊತ್ತಾಗಲಿಲ್ವಾ ಮಗಾ? ಎರಡು ಪುಟ ಓದುವಾಗ್ಲೇ ನನಗೆ ಗೊತ್ತಾಯ್ತು. ಉತ್ತರ ಮೊದಲು ಬರ್ತದೆ, ಪ್ರಶ್ನೆ ಆಮೇಲೆ ಬರ್ತದೆ, ಯಾವ ಊರಲ್ಲಿ ಹಾಗುಂಟು?"

"ಮಾವ..." ಎಂದೆ.

"ಅವನನ್ನು ಬಿಡು."

ಅಮ್ಮ ಸೆರಗಿನಿಂದ ಕನ್ನಡಕ ಒರೆಸಿದಳು. ಒರೆಸಿ ಮುಗಿದ ಮೇಲೂ ಒರೆಸಿದಳು. "ಊರಿನವರು ಕೇಳಿದ್ರೆ ಎಂಥ ಹೇಳುವುದು ಅಂತ ನನಗೆ ಇನ್ನೂ ಗೊತ್ತಿಲ್ಲ. ನನಗೆ ಹೆದರಿಕೆ ಇಲ್ಲ ಅಂತ ತಿಳೀಬೇಡಿ, ಉಂಟು. ಕೇಳಿದಾಗ ನೋಡುವ." ಇಷ್ಟು ಹೇಳಿ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟಳು.

ನನ್ನ ನೀಲಿ ಬೆನ್ನು ಕಾಣಲಿಲ್ಲ. ಮೇಲಿಂದ ಖಾಕಿ ಕಾಗದದ ಬೈಂಡು ಹಾಕಿತ್ತು, ಮೂಲೆಗಳು ಚೂಪಾಗಿ ಮಡಚಿದ್ದವು. ಲೇಬಲ್ ಸರಿಯಾದ ಬದಿಗೇ, ನಾನು ಹಿಂಬದಿ ಎಂದು ತಿಳಿದಿದ್ದ ಕಡೆಗೇ, ಅಂಟಿತ್ತು. ಹೆಸರು ಎಂಬಲ್ಲಿ ದುಂಡು ಅಕ್ಷರದಲ್ಲಿ ಪವಿತ್ರಾ, ನಿಶ್ಮಿತಾ. ಶಾಲೆ ಎಂಬುದನ್ನು ಹೊಡೆದು, ಮನೆ ಎಂದು ಮಾಡಿ, ಎದುರಿಗೆ ವೇಣೂರು.

ನಿಶ್ಮಿ ಅದನ್ನು ಎರಡು ಸಲ ಓದಿದಳು. ಅವಳ ಕಣ್ಣು ತುಂಬಿತ್ತು, ಬೆರಳು ಲೇಬಲ್ಲಿನ ಕೆಳಗಿನ ಮೂಲೆಯಲ್ಲಿ ಏನನ್ನೋ ಹುಡುಕುತ್ತಿತ್ತು. ಅಲ್ಲಿ ಏನೂ ಬರೆದಿರಲಿಲ್ಲ.

"ವಾರಕ್ಕೊಬ್ಬರು ಅಂತ ಈ ಸಲ ಬರೀಲಿಲ್ಲ" ಎಂದಳು ಅಮ್ಮ, ಗೋಳಿಬಜೆಯ ಪೊಟ್ಟಣವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ. "ಒಂದೇ ಮನೆಯಲ್ಲಿ ಇರ್ತೀರಲ್ಲ."